ಅಪ್ಪ-ಅಮ್ಮನಿಗೆ ಅಮೆರಿಕದಲ್ಲಿ ಮೆಡಿಕೇರ್ ಸಿಗುತ್ತದಾ? ಅರ್ಹತೆಯಿಂದ ಅರ್ಜಿವರೆಗೆ ಒಂದು ಸಮಗ್ರ ಮಾರ್ಗದರ್ಶಿ

"ಮಗಳಿಗೆ ಸಿಟಿಜನ್‌ಶಿಪ್ ಬಂತು, ಅಪ್ಪ-ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಿದೆವು. ವಯಸ್ಸು ಅರವತ್ತೈದು ದಾಟಿದೆ. ಇನ್ನು ಸರ್ಕಾರವೇ ಆಸ್ಪತ್ರೆ ಖರ್ಚು ನೋಡಿಕೊಳ್ಳುತ್ತದೆ ಅಲ್ವಾ?" ಅಮೆರಿಕದ ಕನ್ನಡ ಕೂಟಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ಈ ಪ್ರಶ್ನೆ ಕೇಳದೇ ಇರುವುದಿಲ್ಲ. ಉತ್ತರ ಬಹುತೇಕ ಸಲ "ಇಲ್ಲ, ಇನ್ನೂ ಇಲ್ಲ" ಎಂದೇ ಇರುತ್ತದೆ. ಗ್ರೀನ್ ಕಾರ್ಡ್ ಇದ್ದ ಮಾತ್ರಕ್ಕೆ ಮೆಡಿಕೇರ್ ಬರುವುದಿಲ್ಲ. ಅರವತ್ತೈದು ತುಂಬಿದ ಮಾತ್ರಕ್ಕೂ ಬರುವುದಿಲ್ಲ.

ಹಾಗಂತ ಸಿಗುವುದೇ ಇಲ್ಲ ಎಂದೂ ಅಲ್ಲ. ಇಲ್ಲಿ ಒಂದು ದಿನವೂ ಕೆಲಸ ಮಾಡದ ಅಮ್ಮನಿಗೂ ಮೆಡಿಕೇರ್ ಸಿಗಬಹುದು. ಅದಕ್ಕೆ ದುಡ್ಡು ಕಟ್ಟಬೇಕು, ಸರಿಯಾದ ತಿಂಗಳಲ್ಲಿ ಅರ್ಜಿ ಹಾಕಬೇಕು. ಜನ ಎಡವುವುದು ಆ ತಿಂಗಳ ವಿಷಯದಲ್ಲಿ. ದುಡ್ಡಿನ ಬಗ್ಗೆ ಎಲ್ಲರೂ ಕೇಳುತ್ತಾರೆ, ತಾರೀಖಿನ ಬಗ್ಗೆ ಕೇಳುವುದೇ ಇಲ್ಲ. ಹಾಗಾಗಿ ಈ ಬರಹದಲ್ಲಿ ತಾರೀಖಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಇಲ್ಲಿರುವ ಮೊತ್ತಗಳೆಲ್ಲ 2026ರವು. ಪ್ರತಿ ವರ್ಷ ಚಳಿಗಾಲದ ಮುಂಚೆ ಸರ್ಕಾರ ಮುಂದಿನ ವರ್ಷದ ದರ ಪ್ರಕಟಿಸುತ್ತದೆ. ಅದನ್ನು ನೋಡಿಕೊಂಡು ಲೆಕ್ಕ ಹಾಕಿ.

ಮೊದಲು ಎರಡು ಮಾತು

ಮೆಡಿಕೇರ್ 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಆರೋಗ್ಯ ವಿಮೆ. ಮುಖ್ಯವಾಗಿ 65 ವರ್ಷ ದಾಟಿದವರಿಗೆ. ಮೆಡಿಕೇಡ್ ಬೇರೆ. ಅದು ಕಡಿಮೆ ಆದಾಯದವರಿಗೆ, ಅದನ್ನು ನಡೆಸುವುದು ಆಯಾ ರಾಜ್ಯ. ಎರಡನ್ನೂ ಬೆರೆಸಿ ಮಾತಾಡಿದರೆ ಲೆಕ್ಕವೆಲ್ಲ ತಪ್ಪುತ್ತದೆ.

ಮೆಡಿಕೇರ್‌ನಲ್ಲಿ ಪಾರ್ಟ್ ಎ ಅಂದರೆ ಆಸ್ಪತ್ರೆಗೆ ಸೇರಿದಾಗಿನ ಖರ್ಚು. ಪಾರ್ಟ್ ಬಿ ಅಂದರೆ ಡಾಕ್ಟರ್ ಭೇಟಿ, ರಕ್ತ ಪರೀಕ್ಷೆ, ಸ್ಕ್ಯಾನ್, ದಾಖಲಾಗದೆ ಪಡೆಯುವ ಚಿಕಿತ್ಸೆ. ಪಾರ್ಟ್ ಡಿ ಅಂದರೆ ಮಾತ್ರೆ, ಔಷಧಿ. ಎ ಮತ್ತು ಬಿ ಎರಡನ್ನೂ ಸೇರಿಸಿ ಖಾಸಗಿ ಕಂಪನಿಗಳು ಕೊಡುವ ಪ್ಲಾನ್‌ಗೆ ಪಾರ್ಟ್ ಸಿ ಅಥವಾ ಮೆಡಿಕೇರ್ ಅಡ್ವಾಂಟೇಜ್ ಎನ್ನುತ್ತಾರೆ.

ಹೆಜ್ಜೆ 1: ಅವರು ಅಮೆರಿಕದಲ್ಲಿ ಯಾವ ಸ್ಟೇಟಸ್‌ನಲ್ಲಿ ಇದ್ದಾರೆ?

ವಿಸಿಟರ್ ವೀಸಾದಲ್ಲಿ ಬಂದ ತಂದೆ ತಾಯಿಗೆ ಮೆಡಿಕೇರ್ ಇಲ್ಲ. ಯಾವ ದಾರಿಯೂ ಇಲ್ಲ, ಹುಡುಕಿ ಸಮಯ ಹಾಳು ಮಾಡಬೇಡಿ. ಅವರಿಗೆ ವಿಸಿಟರ್ ಇನ್ಶೂರೆನ್ಸ್ ತೆಗೆದುಕೊಳ್ಳಿ. ಹಳೆಯ ಕಾಯಿಲೆಗಳಿಗೆ ಅದರಲ್ಲಿ ಎಷ್ಟು ಮಿತಿ ಇದೆ ಎಂದು ಟಿಕೆಟ್ ಮಾಡಿಸುವ ಮುಂಚೆಯೇ ಓದಿ. ಎದೆನೋವು ಬಂದರೆ ಯಾವ ಎಮರ್ಜೆನ್ಸಿಗೆ ಬೇಕಾದರೂ ಕರೆದುಕೊಂಡು ಹೋಗಿ, ಹೆದರಬೇಡಿ. 1986ರ ಕಾನೂನಿನ ಪ್ರಕಾರ ಎಮರ್ಜೆನ್ಸಿ ವಿಭಾಗ ವಿಮೆ ಇಲ್ಲ ಎಂದು ವಾಪಸ್ ಕಳಿಸುವ ಹಾಗಿಲ್ಲ, ತಪಾಸಣೆ ಮಾಡಿ ರೋಗಿಯ ಸ್ಥಿತಿ ಸುಧಾರಿಸುವಷ್ಟು ಚಿಕಿತ್ಸೆ ಕೊಡಲೇಬೇಕು. ಬಿಲ್ ಮಾತ್ರ ಆಮೇಲೆ ಬಂದೇ ಬರುತ್ತದೆ.

ಗ್ರೀನ್ ಕಾರ್ಡ್ ಇದ್ದವರು, ಸಿಟಿಜನ್ ಆದವರು ಮುಂದಿನ ಹೆಜ್ಜೆಗೆ ಹೋಗಬಹುದು.

ಇಲ್ಲಿ ಇನ್ನೊಂದು ಗುಂಪಿನ ಬಗ್ಗೆ ಹೇಳಲೇಬೇಕು. ನಮ್ಮಲ್ಲಿ ಎಷ್ಟೋ ಜನ ಎಚ್-1ಬಿ ವೀಸಾದಲ್ಲೇ ಹದಿನೈದು, ಇಪ್ಪತ್ತು ವರ್ಷ ದುಡಿದಿದ್ದಾರೆ. ಭಾರತೀಯರ ಗ್ರೀನ್ ಕಾರ್ಡ್ ಸಾಲು ಮುಂದಕ್ಕೆ ಹೋಗುವುದೇ ಇಲ್ಲ. ಅಂಥವರಿಗೂ ಪ್ರತಿ ಸಂಬಳದಲ್ಲಿ ಶೇ 1.45ರಷ್ಟು ಮೆಡಿಕೇರ್ ತೆರಿಗೆ ಕಡಿತ ಆಗುತ್ತದೆ. ಮೊದಲು ಇವರು ಸಾಕಷ್ಟು ವರ್ಷ ದುಡಿದು 65 ತಲುಪಿದರೆ ಮೆಡಿಕೇರ್ ಪಡೆಯಬಹುದಿತ್ತು. 2025ರ ಜುಲೈ 4ರಂದು ಸಹಿಯಾದ ಕಾನೂನು ಆ ಬಾಗಿಲು ಮುಚ್ಚಿತು. ಈಗ ಸಿಟಿಜನ್‌ಗಳು, ಗ್ರೀನ್ ಕಾರ್ಡ್ ಇದ್ದವರು, ಜೊತೆಗೆ ಕ್ಯೂಬಾ, ಹೈಟಿ ಮತ್ತು ಕೆಲವು ಪೆಸಿಫಿಕ್ ದ್ವೀಪಗಳಿಂದ ಬಂದ ನಿರ್ದಿಷ್ಟ ಗುಂಪುಗಳಿಗೆ ಮಾತ್ರ ಮೆಡಿಕೇರ್. ಈಗಾಗಲೇ ಪಡೆಯುತ್ತಿದ್ದ ಉಳಿದವರಿಗೂ 2027ರ ಜನವರಿ 4ರ ಒಳಗೆ ನಿಂತುಹೋಗುತ್ತದೆ. ಜೀವನವಿಡೀ ತೆರಿಗೆ ಕಟ್ಟಿಸಿಕೊಂಡು ಮುಪ್ಪಿನಲ್ಲಿ ಆಗಲ್ಲ ಎನ್ನುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ನೀವು ಈ ಸಾಲಿನಲ್ಲಿದ್ದು ಅರವತ್ತರ ಹತ್ತಿರ ಬಂದಿದ್ದರೆ, ಈ ವಿಷಯ ನಿಮ್ಮ ಇಮಿಗ್ರೇಷನ್ ವಕೀಲರ ಜೊತೆಗಿನ ಮಾತುಕತೆಗೆ ಈಗಲೇ ಬರಲಿ. ಮಗ ಅಥವಾ ಮಗಳು 21 ದಾಟಿದ ಅಮೆರಿಕನ್ ಸಿಟಿಜನ್ ಆಗಿದ್ದರೆ ಅವರ ಮೂಲಕ ಗ್ರೀನ್ ಕಾರ್ಡ್ ಪಡೆಯುವ ದಾರಿ ಉದ್ಯೋಗದ ಸಾಲಿಗಿಂತ ಎಷ್ಟೋ ಬೇಗ ಮುಗಿಯುತ್ತದೆ.

ಹೆಜ್ಜೆ 2: ಯಾರ ದುಡಿಮೆ ಲೆಕ್ಕಕ್ಕೆ ಬರುತ್ತದೆ?

ಪಾರ್ಟ್ ಎ ಪುಕ್ಕಟೆ ಸಿಗಬೇಕಾದರೆ 40 ಕೆಲಸದ ಕ್ರೆಡಿಟ್ ಬೇಕು. ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ಕ್ರೆಡಿಟ್ ಸಿಗುತ್ತದೆ. ಅಂದರೆ ಸುಮಾರು ಹತ್ತು ವರ್ಷದ ದುಡಿಮೆ. 2026ರಲ್ಲಿ 1,890 ಡಾಲರ್ ಸಂಪಾದಿಸಿ ಸೋಷಿಯಲ್ ಸೆಕ್ಯುರಿಟಿ ತೆರಿಗೆ ಕಟ್ಟಿದರೆ ಒಂದು ಕ್ರೆಡಿಟ್, 7,560 ಡಾಲರ್ ಆದರೆ ಆ ವರ್ಷದ ನಾಲ್ಕೂ ಕ್ರೆಡಿಟ್.

ಊರಿನಲ್ಲಿ ಮಾಡಿದ ಕೆಲಸ ಇದಕ್ಕೆ ಸೇರುವುದಿಲ್ಲ. ಅಪ್ಪ ಕೆಇಬಿಯಲ್ಲಿ ಮೂವತ್ತೈದು ವರ್ಷ ಇದ್ದರು, ಅಮ್ಮ ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದರು, ಯಾವುದೂ ಲೆಕ್ಕಕ್ಕಿಲ್ಲ. ಜರ್ಮನಿ, ಕೆನಡಾದಂಥ ದೇಶಗಳ ಜೊತೆ ಭಾರತಕ್ಕೆ ಸಾಮಾಜಿಕ ಭದ್ರತೆಯ ಒಪ್ಪಂದ ಇದೆ. ಅಮೆರಿಕದ ಜೊತೆ ಇಲ್ಲ.

ಮಕ್ಕಳ ದುಡಿಮೆಯೂ ಸೇರುವುದಿಲ್ಲ. ನೀವು ಇಪ್ಪತ್ತೈದು ವರ್ಷ ತೆರಿಗೆ ಕಟ್ಟಿರಬಹುದು, ಅದರಿಂದ ನಿಮ್ಮ ತಂದೆ ತಾಯಿಗೆ ಒಂದು ಕ್ರೆಡಿಟ್ ಕೂಡ ಬರುವುದಿಲ್ಲ. (ದುಡಿಯುತ್ತಿದ್ದ ಮಗ ಅಥವಾ ಮಗಳು ತೀರಿಕೊಂಡು, ತಂದೆ ತಾಯಿ ಕನಿಷ್ಠ ಅರ್ಧದಷ್ಟು ಖರ್ಚಿಗೆ ಅವರನ್ನೇ ನಂಬಿದ್ದರೆ ಬೇರೆ ನಿಯಮ ಇದೆ. ಆ ಕಷ್ಟ ಬಂದ ಮನೆಯವರು ಸೋಷಿಯಲ್ ಸೆಕ್ಯುರಿಟಿ ಕಚೇರಿಯಲ್ಲಿ ಅವಲಂಬಿತ ತಂದೆ ತಾಯಿಯ ಸೌಲಭ್ಯದ ಬಗ್ಗೆ ತಪ್ಪದೆ ಕೇಳಬೇಕು.)

ಗಂಡ ಹೆಂಡತಿಯ ದುಡಿಮೆ ಮಾತ್ರ ಒಬ್ಬರಿಂದ ಇನ್ನೊಬ್ಬರಿಗೆ ಉಪಯೋಗಕ್ಕೆ ಬರುತ್ತದೆ. ಒಬ್ಬರಿಗೆ 40 ಕ್ರೆಡಿಟ್ ಇದ್ದು ವಯಸ್ಸು 62 ಆಗಿದ್ದರೆ, ಮದುವೆಯಾಗಿ ಕನಿಷ್ಠ ಒಂದು ವರ್ಷ ಕಳೆದಿದ್ದರೆ, 65 ತುಂಬಿದ ಇನ್ನೊಬ್ಬರಿಗೂ ಪಾರ್ಟ್ ಎ ಪುಕ್ಕಟೆ. ಹೀಗೆ ಪುಕ್ಕಟೆ ಪಾರ್ಟ್ ಎ ಇರುವ ಗ್ರೀನ್ ಕಾರ್ಡ್‌ದಾರರಿಗೆ ಮುಂದೆ ಹೇಳುವ ಐದು ವರ್ಷದ ನಿಯಮವೂ ಇಲ್ಲ.

ಕೆಲವು ಅಪ್ಪಂದಿರು ಐವತ್ತೆಂಟು, ಅರವತ್ತರಲ್ಲೇ ಇಲ್ಲಿಗೆ ಬರುತ್ತಾರೆ. ಆರೋಗ್ಯ ಚೆನ್ನಾಗಿದೆ, ಮನೆಯಲ್ಲಿ ಸುಮ್ನೆ ಕೂತು ಬೇಜಾರು. ಅಂಥವರಿಗೆ ಲೈಬ್ರರಿ, ಶಾಲೆ, ಅಂಗಡಿಯಲ್ಲಿ ಅರೆಕಾಲಿಕ ಕೆಲಸ ನಿಜಕ್ಕೂ ಒಳ್ಳೆಯದು. ಹತ್ತು ವರ್ಷ ತುಂಬಿದರೆ ಗಂಡ ಹೆಂಡತಿ ಇಬ್ಬರಿಗೂ ಪಾರ್ಟ್ ಎ ಉಚಿತ. 30 ಕ್ರೆಡಿಟ್ ಆದರೂ ಪ್ರೀಮಿಯಂ ಅರ್ಧದ ಹತ್ತಿರ ಇಳಿಯುತ್ತದೆ. ಒಂದೇ ಷರತ್ತು, ಸಂಬಳ ಲೆಕ್ಕದ ಮೂಲಕ ಬಂದು ತೆರಿಗೆ ಕಡಿತ ಆಗಿರಬೇಕು. ಕೈಗೆ ಕೊಡುವ ನಗದಿನಿಂದ ಕ್ರೆಡಿಟ್ ಸಿಗುವುದಿಲ್ಲ.

ಹೆಜ್ಜೆ 3: ಐದು ವರ್ಷ ಎಣಿಸುವುದು ಹೇಗೆ?

ಅವರಿಗೂ ಕ್ರೆಡಿಟ್ ಇಲ್ಲ, ಸಂಗಾತಿಗೂ ಇಲ್ಲ ಅಂದರೆ ನಿಯಮ ಇದು: ವಯಸ್ಸು 65 ಆಗಿರಬೇಕು, ಗ್ರೀನ್ ಕಾರ್ಡ್ ಇರಬೇಕು, ಅರ್ಜಿ ಹಾಕುವ ತಿಂಗಳ ಹಿಂದಿನ ಐದು ವರ್ಷ ಅಮೆರಿಕದಲ್ಲಿ ನಿರಂತರವಾಗಿ ವಾಸ ಮಾಡಿರಬೇಕು. ಭಾರತದಿಂದ ಇಮಿಗ್ರಂಟ್ ವೀಸಾ ಪಡೆದು ಬಂದವರಿಗೆ ಗ್ರೀನ್ ಕಾರ್ಡ್ ಮೇಲೆ ಇರುವ 'ರೆಸಿಡೆಂಟ್ ಸಿನ್ಸ್' ತಾರೀಖಿನಿಂದ ಎಣಿಸುವುದೇ ಕ್ಷೇಮ. ಅದಕ್ಕೂ ಮುಂಚೆ ವಿಸಿಟರ್ ಆಗಿ ಬಂದು ಹೋದ ತಿಂಗಳುಗಳನ್ನು ಸೇರಿಸಿಕೊಳ್ಳಬೇಡಿ. ಅದು ಭೇಟಿ, ವಾಸ ಅಲ್ಲ.

ನಿರಂತರ ಎಂಬ ಮಾತಿಗೆ ಬರೋಣ. ಐದು ವರ್ಷ ಊರಿಗೇ ಹೋಗಬಾರದು ಎಂದಲ್ಲ. ಮೊಮ್ಮಗಳ ಮದುವೆಗೋ ಮನೆ ಬಾಡಿಗೆ ವಿಷಯಕ್ಕೋ ತಿಂಗಳು, ಎರಡು ತಿಂಗಳು ಹೋಗಿ ಬಂದರೆ ತೊಂದರೆ ಇಲ್ಲ. ಕಷ್ಟ ಶುರುವಾಗುವುದು ಆರು ತಿಂಗಳು ಮೀರಿದಾಗ. ಆಗ "ನೀವು ನಿಜವಾಗಿ ವಾಸ ಮಾಡುತ್ತಿರುವುದು ಎಲ್ಲಿ?" ಎಂಬ ಪ್ರಶ್ನೆ ಬರುತ್ತದೆ. ಉತ್ತರವನ್ನು ಕಾಗದದಲ್ಲಿ ತೋರಿಸಬೇಕಾಗುತ್ತದೆ. ವರ್ಷ ದಾಟಿದರೆ ಗ್ರೀನ್ ಕಾರ್ಡ್‌ಗೇ ಕುತ್ತು ಬರಬಹುದು.

ನಮ್ಮ ಹಿರಿಯರಿಗೆ ಇದು ಸಣ್ಣ ವಿಷಯ ಅಲ್ಲ. ಚಳಿ ಶುರುವಾಯಿತು ಅಂದರೆ ಮೈಸೂರಿಗೋ ಶಿವಮೊಗ್ಗಕ್ಕೋ ಹೋಗಿ ಯುಗಾದಿ ಮುಗಿಸಿಕೊಂಡು ಬರುವುದು ಅವರಿಗೆ ಸಹಜ. ಅದನ್ನು ಬೇಡ ಎನ್ನಲು ಮನಸ್ಸು ಬರುವುದಿಲ್ಲ. ಹೋಗಲಿ, ಆದರೆ ಆರು ತಿಂಗಳ ಒಳಗೆ ವಾಪಸ್ ಬರುವ ಹಾಗೆ ಟಿಕೆಟ್ ಮಾಡಿಸಿ. ಒಂದು ನೋಟ್‌ಬುಕ್ಕಿನಲ್ಲಿ ಹೋದ ದಿನ, ಬಂದ ದಿನ ಬರೆದಿಡಿ. ಬೋರ್ಡಿಂಗ್ ಪಾಸ್ ಎಸೆಯಬೇಡಿ. ಹಳೆಯ ಪಾಸ್‌ಪೋರ್ಟ್ ಕೂಡ ಜೋಪಾನ, ಮುದ್ರೆಗಳೆಲ್ಲ ಅದರಲ್ಲೇ ಇರುತ್ತವೆ. ಅವರ ಹೆಸರಿನಲ್ಲಿ ಬ್ಯಾಂಕ್ ಖಾತೆ, ರಾಜ್ಯದ ಗುರುತಿನ ಚೀಟಿ, ಡಾಕ್ಟರ್ ಬಿಲ್ಲು, ಪ್ರತಿ ವರ್ಷದ ತೆರಿಗೆ ರಿಟರ್ನ್, ಇವೆಲ್ಲ ಇಲ್ಲಿ ವಾಸ ಇದ್ದಾರೆ ಎಂಬುದಕ್ಕೆ ಸಾಕ್ಷಿ. ಎಲ್ಲವೂ ಮಗನ ಹೆಸರಿನಲ್ಲೇ ಇದ್ದರೆ ಅಪ್ಪ ಐದು ವರ್ಷ ಇಲ್ಲಿದ್ದರು ಎಂದು ತೋರಿಸಲು ಏನೂ ಇರುವುದಿಲ್ಲ. ಬಂದ ಮೊದಲ ತಿಂಗಳಲ್ಲೇ ಇದನ್ನು ಶುರು ಮಾಡಿ.

ಹೆಜ್ಜೆ 4: ಆ ಏಳು ತಿಂಗಳು

ಅರ್ಹತೆ ಬರುವ ತಿಂಗಳು, ಅದರ ಹಿಂದಿನ ಮೂರು, ಮುಂದಿನ ಮೂರು. ಒಟ್ಟು ಏಳು ತಿಂಗಳು ಮೊದಲ ನೋಂದಣಿಯ ಅವಧಿ. 65 ತುಂಬುವ ಹೊತ್ತಿಗೆ ಐದು ವರ್ಷ ಆಗಿದ್ದರೆ ಹುಟ್ಟಿದ ತಿಂಗಳಿಂದ ಲೆಕ್ಕ. 65 ದಾಟಿದ ಮೇಲೆ ಐದು ವರ್ಷ ಆಗುವವರಿಗೆ ಐದು ವರ್ಷ ತುಂಬುವ ತಿಂಗಳಿಂದ ಲೆಕ್ಕ.

ಒಂದು ಉದಾಹರಣೆ ನೋಡೋಣ. ಅಪ್ಪ 66ನೇ ವಯಸ್ಸಿನಲ್ಲಿ, 2022ರ ಮಾರ್ಚ್ 10ರಂದು ಇಮಿಗ್ರಂಟ್ ವೀಸಾದಲ್ಲಿ ಬಂದು ಇಲ್ಲೇ ನೆಲೆಸಿದರು. ಐದು ವರ್ಷ ತುಂಬುವುದು 2027ರ ಮಾರ್ಚ್‌ನಲ್ಲಿ. ಅವರ ಅವಧಿ 2026ರ ಡಿಸೆಂಬರ್‌ನಿಂದ 2027ರ ಜೂನ್ ಕೊನೆಯವರೆಗೆ. ಇದನ್ನು ಸರ್ಕಾರ ಪತ್ರ ಬರೆದು ತಿಳಿಸುತ್ತದೆ ಎಂದು ಕಾಯಬೇಡಿ. ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಪಡೆಯದವರಿಗೆ ನೋಂದಣಿ ತಾನಾಗಿ ಆಗುವುದಿಲ್ಲ. ಗೋಡೆ ಕ್ಯಾಲೆಂಡರಿನಲ್ಲೂ ನಿಮ್ಮ ಫೋನಿನಲ್ಲೂ ಇವತ್ತೇ ಗುರುತು ಹಾಕಿ.

ಹುಟ್ಟಿದ ದಿನ ತಿಂಗಳ ಒಂದನೇ ತಾರೀಖು ಆಗಿದ್ದರೆ ಇನ್ನೊಂದು ಸೂಕ್ಷ್ಮ ಇದೆ. ನಮ್ಮ ಹಿರಿಯರಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1 ಎಷ್ಟು ಜನರಿಗಿಲ್ಲ! ಅಮೆರಿಕದ ಈ ಲೆಕ್ಕದಲ್ಲಿ ಹುಟ್ಟುಹಬ್ಬದ ಹಿಂದಿನ ದಿನವೇ ವಯಸ್ಸು ತುಂಬುತ್ತದೆ. ಹಾಗಾಗಿ ಜೂನ್ 1ರವರಿಗೆ 65 ತುಂಬುವುದು ಮೇ ತಿಂಗಳಲ್ಲಿ. ಅವಧಿ ಪೂರ್ತಿ ಒಂದು ತಿಂಗಳು ಹಿಂದಕ್ಕೆ ಸರಿಯುತ್ತದೆ.

ಅವಧಿ ತಪ್ಪಿದರೆ? ಪ್ರತಿ ವರ್ಷ ಜನವರಿ 1ರಿಂದ ಮಾರ್ಚ್ 31ರವರೆಗೆ ಸಾಮಾನ್ಯ ನೋಂದಣಿ ಇರುತ್ತದೆ. ಅಲ್ಲಿಯವರೆಗೆ ಕಾಯಬೇಕು. ತಡವಾದ ಪ್ರತಿ ಪೂರ್ತಿ ಹನ್ನೆರಡು ತಿಂಗಳಿಗೆ ಪಾರ್ಟ್ ಬಿ ಪ್ರೀಮಿಯಂ ಶೇ 10 ಹೆಚ್ಚಾಗುತ್ತದೆ. ಪಾರ್ಟ್ ಬಿ ಇರುವವರೆಗೂ ಆ ದಂಡ ಹೋಗುವುದಿಲ್ಲ. ಮೂರು ವರ್ಷ ತಡ ಮಾಡಿದರೆ ಶೇ 30, ಅಂದರೆ 2026ರ ದರದಲ್ಲಿ ತಿಂಗಳಿಗೆ 60.87 ಡಾಲರ್ ಸುಮ್ನೆ ದಂಡ. ದುಡ್ಡು ಕಟ್ಟಿ ಪಡೆಯುವ ಪಾರ್ಟ್ ಎಗೂ ಶೇ 10 ದಂಡ ಇದೆ. ಅದು ತಡ ಮಾಡಿದ ವರ್ಷಗಳ ಎರಡರಷ್ಟು ಕಾಲ ಇರುತ್ತದೆ. ಅರ್ಹತೆಯೇ ಇಲ್ಲದ ಆ ಐದು ವರ್ಷಗಳಿಗೆ ಮಾತ್ರ ದಂಡ ಹಾಕುವ ಹಾಗಿಲ್ಲ. ಯಾರಾದರೂ ಹಾಕಿದರೆ ಪ್ರಶ್ನಿಸಿ.

"ಮಗನ ಕಂಪನಿ ವಿಮೆಯಲ್ಲಿ ಇದ್ದರು, ಹಾಗಾಗಿ ತಡವಾಯಿತು" ಎಂಬ ಕಾರಣ 65 ದಾಟಿದವರಿಗೆ ನಡೆಯುವುದಿಲ್ಲ. ಸ್ವಂತ ಅಥವಾ ಸಂಗಾತಿಯ ಈಗಿನ ಉದ್ಯೋಗದ ವಿಮೆ ಇದ್ದರೆ ಮಾತ್ರ ವಿನಾಯಿತಿ. ತಂದೆ ತಾಯಿಯನ್ನು ಸೇರಿಸಿಕೊಳ್ಳುವ ಕಂಪನಿಗಳೇ ಅಪರೂಪ ಬಿಡಿ.

ಹೆಜ್ಜೆ 5: ದುಡ್ಡಿನ ಲೆಕ್ಕ

ಪಾರ್ಟ್ ಬಿ ತಿಂಗಳಿಗೆ 202.90 ಡಾಲರ್. ಪಾರ್ಟ್ ಎ, 30ಕ್ಕಿಂತ ಕಡಿಮೆ ಕ್ರೆಡಿಟ್ ಇದ್ದವರಿಗೆ 565 ಡಾಲರ್, 30ರಿಂದ 39 ಇದ್ದವರಿಗೆ 311 ಡಾಲರ್. ಅಂದರೆ ಕ್ರೆಡಿಟ್ ಇಲ್ಲದ ಅಪ್ಪನಿಗೆ ಎರಡೂ ಸೇರಿ ತಿಂಗಳಿಗೆ 767.90. ಅಪ್ಪ-ಅಮ್ಮ ಇಬ್ಬರಿಗೂ ವರ್ಷಕ್ಕೆ 18,000 ಡಾಲರ್ ದಾಟುತ್ತದೆ. ಇದು ಬರೀ ಪ್ರೀಮಿಯಂ. ಆಸ್ಪತ್ರೆಗೆ ಸೇರಿದರೆ ಪಾರ್ಟ್ ಎಯಲ್ಲಿ ಮೊದಲ 1,736 ಡಾಲರ್ ನಾವೇ ಕೊಡಬೇಕು. ಪಾರ್ಟ್ ಬಿಯಲ್ಲಿ ವರ್ಷದ ಮೊದಲ 283 ಡಾಲರ್ ನಮ್ಮದು, ಆಮೇಲೆ ಸಾಮಾನ್ಯವಾಗಿ ಶೇ 20 ನಮ್ಮದು. ಆ ಶೇ 20ಕ್ಕೆ ಮೇಲ್ಮಿತಿ ಇಲ್ಲ.

ಪಾರ್ಟ್ ಬಿ ಮಾತ್ರ ಬೇಕು, ಪಾರ್ಟ್ ಎ ಬೇಡ ಎನ್ನಬಹುದು. ಎ ಬೇಕು, ಬಿ ಬೇಡ ಎನ್ನಲು ಮಾತ್ರ ದುಡ್ಡು ಕಟ್ಟುವವರಿಗೆ ಅವಕಾಶ ಇಲ್ಲ. ಎಷ್ಟೋ ಮನೆಗಳಲ್ಲಿ 565 ಡಾಲರ್ ನೋಡಿ ಬಿ ಮಾತ್ರ ತೆಗೆದುಕೊಳ್ಳುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ನಾವು ಹೆದರುವುದು ಬಿಪಿ ಮಾತ್ರೆಯ ಖರ್ಚಿಗಲ್ಲ, ಬೈಪಾಸ್ ಆಪರೇಷನ್‌ಗೆ, ಸೊಂಟದ ಮೂಳೆ ಮುರಿದು ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗುವುದಕ್ಕೆ. ಬಿ ಮಾತ್ರ ಇದ್ದರೆ ಆ ಆಸ್ಪತ್ರೆಯ ಬಿಲ್ಲೇ ಹೊರಗೆ ಉಳಿಯುತ್ತದೆ. ಮೆಡಿಗ್ಯಾಪ್ ಎಂಬ ಪೂರಕ ವಿಮೆ, ಅಡ್ವಾಂಟೇಜ್ ಪ್ಲಾನ್ ಎರಡಕ್ಕೂ ಎ ಮತ್ತು ಬಿ ಎರಡೂ ಬೇಕು. ಅವೂ ಕೈತಪ್ಪುತ್ತವೆ.

ಮೆಡಿಗ್ಯಾಪ್‌ಗೂ ಒಂದು ಗಡುವು ಇದೆ. 65 ದಾಟಿ ಪಾರ್ಟ್ ಬಿ ಶುರುವಾದಂದಿನಿಂದ ಆರು ತಿಂಗಳು. ಆ ಆರು ತಿಂಗಳಲ್ಲಿ ಸಕ್ಕರೆ ಕಾಯಿಲೆ ಇದೆ, ಸ್ಟೆಂಟ್ ಹಾಕಿದೆ ಎಂದು ಕಂಪನಿ ತಿರಸ್ಕರಿಸುವ ಹಾಗಿಲ್ಲ. ಆಮೇಲೆ ಹೆಚ್ಚಿನ ರಾಜ್ಯಗಳಲ್ಲಿ ತಿರಸ್ಕರಿಸಬಹುದು.

ಔಷಧಿಗೆ ಪಾರ್ಟ್ ಡಿ. ಎ ಅಥವಾ ಬಿ ಯಾವುದಾದರೂ ಒಂದಿದ್ದರೆ ಸಾಕು. 2026ರಲ್ಲಿ ಪಾರ್ಟ್ ಡಿ ವ್ಯಾಪ್ತಿಯ ಔಷಧಿಗಳಿಗೆ ವರ್ಷಕ್ಕೆ 2,100 ಡಾಲರ್‌ಗಿಂತ ಹೆಚ್ಚು ನಮ್ಮ ಕೈಯಿಂದ ಹೋಗುವುದಿಲ್ಲ. ಇನ್ಸುಲಿನ್‌ಗೆ ತಿಂಗಳಿಗೆ ಹೆಚ್ಚೆಂದರೆ 35 ಡಾಲರ್. ಇದಕ್ಕೂ ತಡ ಮಾಡಿದರೆ ತಿಂಗಳಿಗೆ ಶೇ 1ರ ಲೆಕ್ಕದಲ್ಲಿ ದಂಡ ಸೇರುತ್ತದೆ. ಊರಿಂದ ತಂದ ಮಾತ್ರೆಗಳೇ ಸಾಕು ಎಂದು ಪಾರ್ಟ್ ಡಿ ಬಿಡುವವರು ಇದನ್ನು ನೆನಪಿಡಬೇಕು.

ಹಲ್ಲು, ಕನ್ನಡಕ, ಕಿವಿಯ ಯಂತ್ರ, ಮನೆಯಲ್ಲೋ ನರ್ಸಿಂಗ್ ಹೋಮಿನಲ್ಲೋ ವರ್ಷಗಟ್ಟಲೆ ನೋಡಿಕೊಳ್ಳುವ ಆರೈಕೆ, ಇವಕ್ಕೆ ಮೂಲ ಮೆಡಿಕೇರ್ ಕೊಡುವುದಿಲ್ಲ.

ಇನ್ನೊಂದು ವಿಷಯ ಬೆಂಗಳೂರಿನ ಸೈಟು. ಅಪ್ಪ-ಅಮ್ಮ ಅಮೆರಿಕದ ತೆರಿಗೆ ನಿವಾಸಿಗಳಾದ ಮೇಲೆ ಜಯನಗರದ ಮನೆಯನ್ನೋ ಯಲಹಂಕದ ಸೈಟನ್ನೋ ಮಾರಿದರೆ ಅದರ ಲಾಭವೂ ಅವರ ಆದಾಯಕ್ಕೆ ಸೇರುತ್ತದೆ. ಎರಡು ವರ್ಷದ ಹಿಂದಿನ ಆದಾಯ ನೋಡಿ ಪಾರ್ಟ್ ಬಿ ಮತ್ತು ಡಿ ಮೇಲೆ ಹೆಚ್ಚುವರಿ ಶುಲ್ಕ ಹಾಕುತ್ತಾರೆ. 2026ಕ್ಕೆ ಆ ಮಿತಿ ಒಬ್ಬರಿಗೆ 1,09,000 ಡಾಲರ್, ಜಂಟಿ ರಿಟರ್ನ್‌ಗೆ 2,18,000 ಡಾಲರ್. ಮಾರುವುದಿದ್ದರೆ ಯಾವ ವರ್ಷ ಮಾರಬೇಕು ಎಂದು ಮೊದಲೇ ತೆರಿಗೆ ಸಲಹೆಗಾರರನ್ನು ಕೇಳಿ.

ಅವರ ಸ್ವಂತ ಆದಾಯ ತೀರಾ ಕಡಿಮೆ ಇದ್ದರೆ ರಾಜ್ಯದ ಮೆಡಿಕೇರ್ ಸೇವಿಂಗ್ಸ್ ಪ್ರೋಗ್ರಾಮ್‌ಗೆ ಅರ್ಜಿ ಹಾಕಿ. ಸಿಕ್ಕರೆ ಪಾರ್ಟ್ ಬಿ ಪ್ರೀಮಿಯಂ ರಾಜ್ಯವೇ ಕಟ್ಟುತ್ತದೆ, ಕೆಲವರಿಗೆ ಪಾರ್ಟ್ ಎ ಕೂಡ. ಆದರೆ ಗ್ರೀನ್ ಕಾರ್ಡ್ ಮಾಡಿಸುವಾಗ ನೀವು ಸಹಿ ಮಾಡಿದ ಐ-864, ಅಂದರೆ ಅವರ ಖರ್ಚಿಗೆ ನಾವೇ ಹೊಣೆ ಎಂದು ಬರೆದುಕೊಟ್ಟ ಬಾಂಡ್, ನೆನಪಿದೆಯಲ್ಲ? ಆ ಬಾಂಡ್ ಇರುವವರೆಗೆ ನಿಮ್ಮ ಆದಾಯವನ್ನೂ ಅವರದ್ದೆಂದು ಎಣಿಸಬಹುದು. ಅವರು ಸಿಟಿಜನ್ ಆದರೆ ಆ ಬಾಂಡ್ ಮುಗಿಯುತ್ತದೆ. ಹಾಗಾಗಿ ಐದು ವರ್ಷ ತುಂಬುತ್ತಿದ್ದಂತೆ ಸಿಟಿಜನ್‌ಶಿಪ್ ಅರ್ಜಿಯ ಬಗ್ಗೆಯೂ ಮನೆಯಲ್ಲಿ ಮಾತಾಡಿ. ಭಾರತದ ಪೌರತ್ವ ಬಿಡುವುದು ಹಿರಿಯರಿಗೆ ದೊಡ್ಡ ನಿರ್ಧಾರ. ಅವರ ಮೇಲೆ ಹೇರಬೇಡಿ, ಲೆಕ್ಕ ಮುಂದಿಡಿ, ಅವರೇ ತೀರ್ಮಾನಿಸಲಿ.

ಐದು ವರ್ಷ ಆಗುವವರೆಗೆ ಏನು ಮಾಡುವುದು?

ಮುಖ್ಯ ದಾರಿ ಹೆಲ್ತ್ ಇನ್ಶೂರೆನ್ಸ್ ಮಾರ್ಕೆಟ್‌ಪ್ಲೇಸ್. ಕ್ಯಾಲಿಫೋರ್ನಿಯಾದಲ್ಲಿ ಕವರ್ಡ್ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯಲ್ಲಿ ಗೆಟ್ ಕವರ್ಡ್ ಎನ್‌ಜೆ, ಟೆಕ್ಸಸ್‌ನಂಥ ರಾಜ್ಯಗಳಲ್ಲಿ ಕೇಂದ್ರದ ಹೆಲ್ತ್‌ಕೇರ್ ಡಾಟ್ ಗವ್. ಗ್ರೀನ್ ಕಾರ್ಡ್ ಸಿಕ್ಕಿ ಬಂದ 60 ದಿನದ ಒಳಗೆ ವಿಶೇಷ ನೋಂದಣಿಗೆ ಅವಕಾಶ ಇದೆ. ಬಂದವರ ಸೂಟ್‌ಕೇಸ್ ಬಿಚ್ಚುವ ವಾರದಲ್ಲೇ ಈ ಕೆಲಸ ಮುಗಿಸಿ. ತಪ್ಪಿದರೆ ನವೆಂಬರ್ 1ಕ್ಕೆ ಶುರುವಾಗುವ ವಾರ್ಷಿಕ ನೋಂದಣಿವರೆಗೆ ವಿಮೆ ಇಲ್ಲದೆ ಇರಬೇಕಾಗಬಹುದು. ಹಳೆಯ ಕಾಯಿಲೆ ಇದೆ ಎಂದು ಇಲ್ಲಿ ಯಾರೂ ತಿರಸ್ಕರಿಸುವ ಹಾಗಿಲ್ಲ. ವರ್ಷದ ಖರ್ಚಿಗೆ ಮೇಲ್ಮಿತಿಯೂ ಇದೆ, 2026ಕ್ಕೆ ಒಬ್ಬರಿಗೆ ಹೆಚ್ಚೆಂದರೆ 10,600 ಡಾಲರ್.

ಸಬ್ಸಿಡಿ ವಿಷಯದಲ್ಲಿ ದೊಡ್ಡ ಬದಲಾವಣೆ ಆಗಿದೆ. ಮೊದಲು ಆದಾಯವೇ ಇಲ್ಲದ ಹೊಸ ಗ್ರೀನ್ ಕಾರ್ಡ್‌ದಾರ ತಂದೆ ತಾಯಿ ಪ್ರತ್ಯೇಕ ರಿಟರ್ನ್ ಹಾಕಿ ತುಂಬ ಕಡಿಮೆ ದರಕ್ಕೆ ಪ್ಲಾನ್ ಪಡೆಯುತ್ತಿದ್ದರು. 2026ರಿಂದ, ಬಡತನ ರೇಖೆಗಿಂತ ಕಡಿಮೆ ಆದಾಯ ಇದ್ದು ಇಮಿಗ್ರೇಷನ್ ಕಾರಣಕ್ಕೆ ಮೆಡಿಕೇಡ್ ಸಿಗದವರಿಗೆ ಆ ಕೇಂದ್ರ ಸಬ್ಸಿಡಿ ನಿಂತಿದೆ. ಹಳಬರು ಹೇಳಿದ ಲೆಕ್ಕ ನಂಬಿಕೊಂಡು ಅಪ್ಪ-ಅಮ್ಮನನ್ನು ಕರೆಸಿಕೊಳ್ಳಬೇಡಿ. ನೀವು ಅವರನ್ನು ನಿಮ್ಮ ತೆರಿಗೆ ರಿಟರ್ನ್‌ನಲ್ಲಿ ಅವಲಂಬಿತರು ಎಂದು ತೋರಿಸಿದರೆ ಇಡೀ ಮನೆಯ ಆದಾಯದ ಮೇಲೆ ಸಬ್ಸಿಡಿ ತೀರ್ಮಾನ ಆಗುತ್ತದೆ.

ಮೆಡಿಕೇಡ್‌ಗೆ ಕೇಂದ್ರದ ನಿಯಮದಲ್ಲಿ ಗ್ರೀನ್ ಕಾರ್ಡ್ ಬಂದು ಐದು ವರ್ಷ ಆಗಬೇಕು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ಕೆಲವು ರಾಜ್ಯಗಳು ತಮ್ಮ ದುಡ್ಡಿನಲ್ಲಿ ಮುಂಚೆಯೇ ಕೊಡುತ್ತವೆ. 65 ದಾಟಿದವರಿಗೆ ಆಸ್ತಿಯನ್ನೂ ನೋಡುತ್ತಾರೆ. ಊರಿನ ಎಫ್‌ಡಿ, ಸೈಟು ಮುಚ್ಚಿಡಬೇಡಿ, ಸುಳ್ಳು ಹೇಳಿದರೆ ಮುಂದೆ ಸಿಟಿಜನ್‌ಶಿಪ್‌ಗೇ ತೊಂದರೆ.

ಐದು ವರ್ಷ ತುಂಬಿದ ಮೇಲೆ ಮಾರ್ಕೆಟ್‌ಪ್ಲೇಸ್‌ನಲ್ಲೇ ಉಳಿಯಬಹುದಾ? ಪಾರ್ಟ್ ಎಗೆ ದುಡ್ಡು ಕಟ್ಟಬೇಕಾದವರು ಮೆಡಿಕೇರ್‌ಗೆ ಸೇರದೆ ಅಲ್ಲೇ ಇರಬಹುದು. ಆದರೆ ಆಮೇಲೆ ಮನಸ್ಸು ಬದಲಾದರೆ ದಂಡ ಕಾದಿರುತ್ತದೆ. ಎರಡೂ ಕಡೆಯ ಪ್ರೀಮಿಯಂ, ವರ್ಷದ ಮಿತಿ, ಅವರು ನೋಡುವ ಡಾಕ್ಟರ್ ಯಾವುದರಲ್ಲಿ ಇದ್ದಾರೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಆ ಏಳು ತಿಂಗಳ ಒಳಗೇ ತೀರ್ಮಾನ ಮಾಡಿ.

ಹೆಜ್ಜೆ 6: ಅರ್ಜಿ ಹಾಕುವುದು

ಅರ್ಜಿ ತೆಗೆದುಕೊಳ್ಳುವುದು ಸೋಷಿಯಲ್ ಸೆಕ್ಯುರಿಟಿ ಕಚೇರಿ. ಫೋನ್ 1-800-772-1213. ಕ್ರೆಡಿಟ್ ಇಲ್ಲದ ತಂದೆ ತಾಯಿಗೆ ಆನ್‌ಲೈನ್‌ಗಿಂತ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಕಚೇರಿಗೇ ಹೋಗುವುದು ಒಳ್ಳೆಯದು. ಪಾರ್ಟ್ ಎ ಮತ್ತು ಬಿ ಎರಡಕ್ಕೂ ಸೇರಿ ಇರುವ ಅರ್ಜಿ ಸಿಎಂಎಸ್-18ಎಫ್-5. ಅಮ್ಮನಿಗೆ ಇಂಗ್ಲಿಷ್ ಕಷ್ಟವಾದರೆ ಕನ್ನಡ ದುಭಾಷಿ ಬೇಕು ಎಂದು ಅಪಾಯಿಂಟ್‌ಮೆಂಟ್ ಮಾಡುವಾಗಲೇ ಹೇಳಿ. ಅದು ಉಚಿತ, ಕೇಳುವುದು ಅವರ ಹಕ್ಕು.

ತೆಗೆದುಕೊಂಡು ಹೋಗಬೇಕಾದ್ದು: ಸೋಷಿಯಲ್ ಸೆಕ್ಯುರಿಟಿ ಕಾರ್ಡ್, ಗ್ರೀನ್ ಕಾರ್ಡ್ ಅಥವಾ ಸಿಟಿಜನ್‌ಶಿಪ್ ಪ್ರಮಾಣಪತ್ರ, ಹಳೆಯ ಮತ್ತು ಹೊಸ ಪಾಸ್‌ಪೋರ್ಟ್, ಪ್ರಯಾಣದ ಪಟ್ಟಿ, ಐದು ವರ್ಷದ ವಾಸದ ಸಾಕ್ಷಿ, ಮದುವೆ ಪ್ರಮಾಣಪತ್ರ, ವಯಸ್ಸಿನ ದಾಖಲೆ. ನಮ್ಮ ಹಿರಿಯರಲ್ಲಿ ಹುಟ್ಟಿದಾಗಲೇ ಮಾಡಿಸಿದ ಜನನ ಪ್ರಮಾಣಪತ್ರ ಇರುವವರು ಕಡಿಮೆ. ಇದ್ದರೆ ಅದು, ಇಲ್ಲದಿದ್ದರೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಶಾಲೆಯ ವರ್ಗಾವಣೆ ಪತ್ರ, ಸರ್ಕಾರಿ ನೌಕರರಾಗಿದ್ದರೆ ಸೇವಾ ಪುಸ್ತಕದ ಪ್ರತಿ. ಕನ್ನಡದಲ್ಲಿರುವ ದಾಖಲೆಯನ್ನೂ ಮೂಲ ಸಮೇತ ತೆಗೆದುಕೊಂಡು ಹೋಗಿ.

ಹೆಸರಿನ ಗೊಂದಲ ಮುಂಚೆಯೇ ಸರಿಮಾಡಿ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಅದನ್ನೇ ಬಿಡಿಸಿ ಬರೆದ ಊರಿನ ಹೆಸರು, ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ ಎಂದರ್ಥ). ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು ಇದ್ದವರಿಗೆ ಇದು ಆಗುತ್ತದೆ. ಗ್ರೀನ್ ಕಾರ್ಡ್ ಮತ್ತು ಸೋಷಿಯಲ್ ಸೆಕ್ಯುರಿಟಿ ಕಾರ್ಡ್ ಎರಡರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಇರಲಿ.

"ನಿಮಗೆ 40 ಕ್ರೆಡಿಟ್ ಇಲ್ಲ, ಆಗಲ್ಲ" ಎಂಬ ಉತ್ತರ ಬಂದರೆ ಎದ್ದು ಬರಬೇಡಿ. "ಪ್ರೀಮಿಯಂ ಕಟ್ಟಿ ಪಡೆಯುವ ಪಾರ್ಟ್ ಎ ಮತ್ತು ಪಾರ್ಟ್ ಬಿಗೆ ಅರ್ಜಿ ಹಾಕುತ್ತಿದ್ದೇವೆ, ಐದು ವರ್ಷದ ವಾಸ ಆಗಿದೆ" ಎಂದು ಸ್ಪಷ್ಟವಾಗಿ ಹೇಳಿ. ಅರ್ಜಿ ಸ್ವೀಕರಿಸಿದ ರಸೀದಿ ಕೇಳಿ. ತಿರಸ್ಕಾರವಾದರೆ ಲಿಖಿತವಾಗಿಯೇ ಪಡೆಯಿರಿ, ಮೇಲ್ಮನವಿಗೆ 60 ದಿನ ಸಮಯ ಇರುತ್ತದೆ.

ಪ್ಲಾನ್ ಆಯ್ಕೆಗೆ ಏಜೆಂಟ್ ಬಳಿ ಹೋಗುವ ಮುಂಚೆ ನಿಮ್ಮ ರಾಜ್ಯದ ಶಿಪ್ (ಆರೋಗ್ಯ ವಿಮೆಯ ಬಗ್ಗೆ ನೆರವು ಕೊಡುವ ಸರ್ಕಾರಿ ಯೋಜನೆ) ಸಲಹೆಗಾರರನ್ನು ಕಾಣಿ. ಪ್ರತಿ ರಾಜ್ಯದಲ್ಲೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ಹೈಕ್ಯಾಪ್, ವಾಷಿಂಗ್ಟನ್‌ನಲ್ಲಿ ಶಿಬಾ ಎನ್ನುತ್ತಾರೆ. ಉಚಿತ. ಅವರು ಯಾವ ಪ್ಲಾನೂ ಮಾರುವುದಿಲ್ಲ, ಅದೇ ಅವರ ದೊಡ್ಡ ಗುಣ.

ಕಾರ್ಡ್ ಬಂದ ಮೇಲೆ ಊರಿಗೆ ಹೋದರೆ

ಮೆಡಿಕೇರ್ ಭಾರತದಲ್ಲಿ ನಡೆಯುವುದಿಲ್ಲ. ಮಣಿಪಾಲದಲ್ಲೋ ಜಯದೇವದಲ್ಲೋ ಚಿಕಿತ್ಸೆ ಪಡೆದರೆ ಬಿಲ್ ಪೂರ್ತಿ ನಿಮ್ಮದು. ಊರಿನಲ್ಲಿ ಮೊದಲಿಂದ ಇದ್ದ ವಿಮೆಯನ್ನು ಹಾಗಾಗಿಯೇ ನಿಲ್ಲಿಸಬೇಡಿ. ಹೊಸದಾಗಿ ಮಾಡಿಸಿದರೆ ಹಳೆಯ ಕಾಯಿಲೆಗಳಿಗೆ ಮೂರು ವರ್ಷದವರೆಗೆ ಕಾಯಿಸಬಹುದು.

ಅಡ್ವಾಂಟೇಜ್ ಪ್ಲಾನ್ ತೆಗೆದುಕೊಂಡವರು ಅದರ ಪ್ರದೇಶ ಬಿಟ್ಟು ಆರು ತಿಂಗಳಿಗಿಂತ ಹೆಚ್ಚು ಇದ್ದರೆ ಪ್ಲಾನ್‌ನಿಂದ ತೆಗೆಯಬಹುದು. ವರ್ಷದಲ್ಲಿ ತುಂಬ ದಿನ ಊರಲ್ಲೇ ಇರುವವರಿಗೆ ಮೂಲ ಮೆಡಿಕೇರ್ ಮತ್ತು ಮೆಡಿಗ್ಯಾಪ್ ಒಳ್ಳೆಯದು. ಕೆಲವು ಮೆಡಿಗ್ಯಾಪ್ ಪ್ಲಾನ್‌ಗಳಲ್ಲಿ ವಿದೇಶ ಪ್ರಯಾಣದ ತುರ್ತು ಚಿಕಿತ್ಸೆಗೂ ಸ್ವಲ್ಪ ಸಹಾಯ ಇದೆ. ಅದು ಪ್ರವಾಸದ ಮೊದಲ 60 ದಿನಗಳಿಗೆ ಮಾತ್ರ.

ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಇಲ್ಲದವರಿಗೆ ಪ್ರೀಮಿಯಂ ತಾನಾಗಿ ಕಡಿತ ಆಗುವುದಿಲ್ಲ, ಅಂಚೆಯಲ್ಲಿ ಬಿಲ್ ಬರುತ್ತದೆ. ಪಾರ್ಟ್ ಬಿ ಮಾತ್ರ ಇದ್ದರೆ ಮೂರು ತಿಂಗಳಿಗೊಮ್ಮೆ, ಪಾರ್ಟ್ ಎಗೂ ಕಟ್ಟುವವರಿಗೆ ಪ್ರತಿ ತಿಂಗಳು. ಅಪ್ಪ-ಅಮ್ಮ ಊರಲ್ಲಿದ್ದಾಗ ಆ ಕಾಗದ ಮೇಜಿನ ಮೇಲೆ ಹಾಗೇ ಉಳಿದು, ಕಂತು ತಪ್ಪಿ, ವಿಮೆಯೇ ರದ್ದಾಗಬಹುದು. ಮತ್ತೆ ಸೇರಬೇಕೆಂದರೆ ಜನವರಿವರೆಗೆ ಕಾಯಬೇಕು, ದಂಡವೂ ಸೇರಬಹುದು. ಮೆಡಿಕೇರ್ ಈಸಿ ಪೇ ಎಂಬ ವ್ಯವಸ್ಥೆ ಇದೆ, ಪ್ರತಿ ತಿಂಗಳು ಬ್ಯಾಂಕ್ ಖಾತೆಯಿಂದ ತಾನಾಗಿ ಕಟ್ಟಿಕೊಳ್ಳುತ್ತದೆ, ಶುಲ್ಕ ಇಲ್ಲ. ಅದು ಶುರುವಾಗಲು ಕೆಲವು ವಾರ ಬೇಕು. ಹಾಗಾಗಿ ಕಾರ್ಡ್ ಕೈಗೆ ಬಂದ ವಾರದಲ್ಲೇ ಅದಕ್ಕೆ ಅರ್ಜಿ ಹಾಕಿ, ಊರಿನ ಟಿಕೆಟ್ ಆಮೇಲೆ ಮಾಡಿಸಿ.